ಕೂತಲ್ಲೇ ಏಳು ಸಾವಿರ ಹೆಜ್ಜೆ

ದಪ್ಪಗಿರುವವನಿಗೆ ನಾಚಿಕೆ ಇರುವುದಿಲ್ಲ ಎಂದು ಜನ ತಿಳಿದಿದ್ದಾರೆ. ಇರುತ್ತದೆ ಸ್ವಾಮಿ, ಮೈಯಷ್ಟೇ ಧಾರಾಳವಾಗಿ ಇರುತ್ತದೆ. ನಾನು ಚನ್ನಪಟ್ಟಣದಲ್ಲಿ ಮರದ ಬುಗುರಿ ಮಾಡುವವನು. ತೂಕ ನೂರ ನಲವತ್ತು ಕಿಲೋ. ಬೀದಿ ಕೊನೆಯ ಟೀ ಅಂಗಡಿ ಮುಟ್ಟುವುದರೊಳಗೆ ಎರಡು ಮನೆಯ ಜಗುಲಿ ಹಿಡಿದು ನಿಲ್ಲುತ್ತೇನೆ. ಏದುಸಿರು ಯಾರಿಗೂ ಗೊತ್ತಾಗಬಾರದೆಂದು ಮೊಬೈಲನ್ನು ಕಿವಿಗಿಟ್ಟು ಸುಮ್ಮನೆ 'ಹಲೋ ಹಲೋ' ಎನ್ನುತ್ತೇನೆ.

ಮಂಡಿ ನೋವೆಂದು ಆಸ್ಪತ್ರೆಗೆ ಹೋದರೆ, ಅಲ್ಲಿ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ, "ಮೊದಲು ಆರು ನಿಮಿಷ ಕೂರದೆ ನಡೆಯೋ ಹಾಗಾಗಿ ಸಾರ್, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ತಾ ಬನ್ನಿ" ಎಂದರು. ನನ್ನ ಹೆಂಡತಿ ಜಯಮ್ಮ ಅಂದೇ ಊರದೇವತೆಗೆ ಹರಕೆ ಹೊತ್ತಳು: ನಾನು ಆ ಆರು ನಿಮಿಷ ಕೂರದೆ ಅವಳ ಕಣ್ಣೆದುರಿಗೇ ನಡೆದು ತೋರಿಸುವ ತನಕ ಅವಳು ಬಾಡು ಮುಟ್ಟುವುದಿಲ್ಲ. ಮಂಗಳವಾರವೇ ಭಾನುವಾರದ ಮಟನ್ ಸಾರಿನ ಮಾತು ತೆಗೆಯುವ ಹೆಂಗಸು ಅವಳು.

ಭಾಮೈದ ಹೆಜ್ಜೆ ಎಣಿಸುವ ವಾಚು ತಂದು ನನ್ನ ಬಲಗೈಗೆ ಕಟ್ಟಿದ. ಮೊದಲ ದಿನ ಪ್ರಾಮಾಣಿಕವಾಗಿ ಟೀ ಅಂಗಡಿವರೆಗೆ ಹೋಗಿ ಬಂದು, ಕೆಲಸಕ್ಕೆ ಕೂತು ಬುಗುರಿಗಳನ್ನು ಉಪ್ಪುಕಾಗದದಲ್ಲಿ ಉಜ್ಜಿದೆ. ಸಂಜೆ ನೋಡಿದರೆ ಏಳು ಸಾವಿರ ಹೆಜ್ಜೆ! ಕೈ ಹಿಂದೆ ಮುಂದೆ ಆಡಿದ್ದನ್ನೆಲ್ಲ ವಾಚು ನಡಿಗೆ ಎಂದುಕೊಂಡಿತ್ತು. ಜಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಗಲೇ ಹೇಳಬೇಕಿತ್ತು. ನಾಳೆ ಹೇಳೋಣ ಎಂದುಕೊಂಡೆ. ಮರುದಿನದೊಳಗೆ ಅವಳು ಬೀದಿಗೆಲ್ಲ ಹೇಳಿಯಾಗಿತ್ತು. ನಾಳೆ ನಾಳೆ ಎನ್ನುತ್ತಾ ಮೂರು ತಿಂಗಳು ಉಜ್ಜಿದೆ.

ಮತ್ತೆ ಆಸ್ಪತ್ರೆ. ಉದ್ದನೆಯ ಪಡಸಾಲೆ, ಎರಡು ತುದಿಗೂ ಕುರ್ಚಿ, ಡಾಕ್ಟರಮ್ಮನ ಕೈಯಲ್ಲಿ ಗಡಿಯಾರ. ಎರಡನೇ ನಿಮಿಷಕ್ಕೆ ನಾನು ಕುರ್ಚಿಯಲ್ಲಿದ್ದೆ. ಡಾಕ್ಟರಮ್ಮ ವಾಚಿನ ಲೆಕ್ಕವನ್ನು ನನ್ನ ಫೋನಿನಲ್ಲಿ ನೋಡಿ, "ವಿಚಿತ್ರವಾಗಿದೆಯಲ್ಲ, ದಿನಾ ಹತ್ತು ಗಂಟೆಯಿಂದ ಐದರವರೆಗೂ ನಡೆದಿದ್ದೀರಿ. ಮಧ್ಯೆ ಊಟಕ್ಕೆ ಮಾತ್ರ ನಿಂತಿದ್ದೀರಿ" ಎಂದರು.

ಜಯಮ್ಮ ನನ್ನನ್ನೇ ನೋಡಿದಳು. "ಅದು ಇವ್ರು ಬುಗ್ರಿ ಉಜ್ಜೋ ಹೊತ್ತು ಕಣವ್ವ" ಎಂದಳು, ಮೆಲ್ಲಗೆ. ನೆಲ ಬಾಯಿಬಿಟ್ಟರೂ ನಾನು ಹಿಡಿಸುವಷ್ಟು ಬಿಡಬೇಕಲ್ಲ.

ಆಟೋದಲ್ಲಿ ಅರ್ಧ ದಾರಿ ಬಂದ ಮೇಲೆ ಅಂದಳು, "ಮೂರ್ ತಿಂಗ್ಳಿಂದ ಪಕ್ಕದ್ಮನೆ ಬಾಡಿನ್ ವಾಸ್ನೇಲಿ ಮುದ್ದೆ ನುಂಗ್ತಿವ್ನಿ. ನಂಗೊಂದ್ ಮಾತ್ ಹೇಳ್ಬಾರ್ದಾಗಿತ್ತಾ?"

"ತಪ್ಪಾಯ್ತು. ಹರಕೆ ಬುಟ್ಬುಡು ಕಣೆ."

"ದೇವ್ರ ಮುಂದೆ ನಾನೂ ಸುಳ್ಳಾಡ್ಲಾ?"

ಈಗ ವಾಚು ನನ್ನ ಕಾಲಿನಲ್ಲಿದೆ, ಕಟ್ಟಿದವಳು ಜಯಮ್ಮ. ದಿನಾ ಬೆಳಗ್ಗೆ ಜೊತೆಗೇ ಬರುತ್ತಾಳೆ. ನಿನ್ನೆ ಮೂರು ನಿಮಿಷ ನಡೆದೆ. ಜಗುಲಿ ಸಿಕ್ಕಿತು, ಅಭ್ಯಾಸಬಲದಿಂದ ಮೊಬೈಲ್ ಕಿವಿಗಿಟ್ಟು 'ಹಲೋ' ಎಂದೆ.

"ಯಾರು, ಮಟನ್ ಅಂಗ್ಡಿಯವ್ರಾ?" ಎಂದು ಕೇಳಿದಳು. "ಇನ್ನೂ ಮೂರ್ ನಿಮ್ಸ ಬಾಕಿ ಐತೆ ಅನ್ನಿ."

ನಾನು ಆ ಖಾಲಿ ಫೋನಿಗೆ ಹಾಗೆಯೇ ಹೇಳಿದೆ.