ಎದೆಬಡಿತದ ಪಟ್ಟಿ

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಕಳಸದ ಪೇಟೆಯಲ್ಲಿ ಒಣಮೀನಿನವನು ತಕ್ಕಡಿ ಎತ್ತಿದರೆ ನಾನು ಮೀನು ನೋಡುವುದಿಲ್ಲ, ಅವನ ಕಿರುಬೆರಳು ನೋಡುತ್ತೇನೆ. ಡಾಕ್ಟರು ನಗುತ್ತಾ ಮಾತಾಡಿಸಿದರೆ ಕಾಯಿಲೆ ದೊಡ್ಡದೇ ಇರಬೇಕು ಅಂದುಕೊಳ್ಳುತ್ತೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಓದಿ ತಿಳಿಯಲು ಆಗದ್ದನ್ನು ಅನುಮಾನಪಟ್ಟಾದರೂ ತಿಳಿದುಕೊಳ್ಳಬೇಕಲ್ಲ.

ಹಾಗಾಗಿ ಮೊಮ್ಮಗಳು ಮಮತಾ ತನ್ನ ಯೂನಿವರ್ಸಿಟಿಯ ಸೆಮಿನಾರಿನ ವಿಷಯ ಹೇಳಿದಾಗಲೂ ನನಗೆ ಸರಿ ಕಾಣಲಿಲ್ಲ. ಅವಳದು ಫಿಜಿಯಾಲಜಿ, ಅಂದರೆ ಮೈಯೊಳಗೆ ನಡೆಯುವ ಕೆಲಸಗಳ ವಿದ್ಯೆ. ಅಲ್ಲಿ ಪ್ರತಿ ಬುಧವಾರ ಒಬ್ಬರು ನಿಂತು ತಾವು ಕಂಡುಹಿಡಿದದ್ದನ್ನು ಹೇಳಬೇಕು, ಉಳಿದವರು ಕೂತು ತಪ್ಪು ಹುಡುಕಬೇಕು, ಆಮೇಲೆ ಎಲ್ಲರೂ ಸೇರಿ ಬಿಸ್ಕತ್ತು ತಿನ್ನಬೇಕು. ತಪ್ಪು ಹುಡುಕಿದವನ ಜೊತೆ ಬಿಸ್ಕತ್ತು ತಿನ್ನುವ ಪದ್ಧತಿ ನಮ್ಮ ಕಡೆ ಇಲ್ಲ.

"ತಪ್ಪು ಸಿಕ್ರೆ ಎಂಥ ಮಾಡ್ತಾರೆ?" ಎಂದು ಕೇಳಿದೆ.

"ಒಂದು ವರ್ಷದ ಕೆಲಸ ಹೋಯ್ತು ಅಷ್ಟೆ, ಅಜ್ಜಿ."

ಅವಳ ಕೆಲಸ ಇಷ್ಟು: ಅರವತ್ತು ದಾಟಿಯೂ ಕಾಫಿ ಕುಯ್ಯುವ ಹೆಂಗಸರ ಎದೆಗೆ ಐದು ದಿನ ಒಂದು ಪಟ್ಟಿ ಕಟ್ಟಿ ಎದೆಬಡಿತ ಅಳೆಯುವುದು. ಅಕ್ಕಪಕ್ಕದ ತೋಟಗಳ ಎಂಟು ಜನ, ಒಂಬತ್ತನೆಯವಳು ನಾನು. ಕಟ್ಟಿದ ಕೂಡಲೇ ನನಗೆ ಗೊತ್ತಾಯಿತು, ಇದು ನನ್ನ ಸೊಸೆಯ, ಅಂದರೆ ಇವಳ ಅಮ್ಮನ ಹುನ್ನಾರ. ಗಿಡದ ಬುಡದಲ್ಲಿ ನಾನು ಎಷ್ಟು ಹೊತ್ತು ಕೂರುತ್ತೇನೆಂದು ಪಟ್ಟಿ ಹೇಳಿಬಿಟ್ಟರೆ, ನಾಳೆಯಿಂದ ತೋಟಕ್ಕೆ ಬರಬೇಡಿ ಅನ್ನುತ್ತಾಳೆ. ಪಕ್ಕದ ಸಾಲಿನಲ್ಲಿ ಕುಯ್ಯುತ್ತಿದ್ದ ಗಿರಿಜೆಯನ್ನು ಕರೆದೆ. ನಲವತ್ತರ ಗಟ್ಟಿ ಹೆಂಗಸು.

"ಸಾಯಂಕಾಲದ ತನಕ ಇದನ್ನ ನೀನು ಕಟ್ಕೊ."

"ಎಂಥಕ್ಕಮ್ಮ? ಶಾಕ್ ಹೊಡೀತದಾ?"

"ಹೊಡೆದ್ರೆ ನಿಂಗೆ ಹೊಡೀತದೆ. ಕಟ್ಕೊ ಮಾರಾಯ್ತಿ."

ಐದು ದಿನವೂ ಹೀಗೇ ನಡೆಯಿತು.

ಸೆಮಿನಾರಿನ ದಿನ ಮಮತಾ ನನ್ನನ್ನೂ ಕರೆದುಕೊಂಡು ಹೋದಳು. ಹಗಲಲ್ಲೇ ಪರದೆ ಎಳೆದು ಕತ್ತಲು ಮಾಡಿದರು. ಗೋಡೆಯ ಮೇಲೆ ಎಂಟು ಜನರ ಎದೆಬಡಿತದ ಗೆರೆಗಳು ಘಾಟಿಯಂತೆ ಏರಿದ್ದವು; ಒಂಬತ್ತನೆಯದು ದಿಬ್ಬದಷ್ಟೂ ಏರಿರಲಿಲ್ಲ. "ಇವರು ನಮ್ಮಜ್ಜಿ. ವಯಸ್ಸು ಎಪ್ಪತ್ತೆರಡು, ಹೃದಯ ನಲವತ್ತರದ್ದು" ಅಂದಳು. ವಿಭಾಗದ ಮುಖ್ಯಸ್ಥೆ ಮುಂದಕ್ಕೆ ಬಾಗಿ, "ಮುಂದಿನ ವರ್ಷ ಇವರೊಬ್ಬರ ಬಗ್ಗೆಯೇ ಕೆಲಸ ಮಾಡು" ಅಂದರು. ಸಭೆ ನನ್ನ ಕಡೆ ತಿರುಗಿ ನಕ್ಕಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಗಿರಿಜೆಯ ಎದೆ ಇಟ್ಟುಕೊಂಡು ಇವಳು ಇನ್ನೊಂದು ವರ್ಷ ನನ್ನ ಹೆಸರು ಬರೆಯುತ್ತಾ ಕೂರಬೇಕೆ? ಎದ್ದು ನಿಂತೆ.

"ಅದು ನಂದಲ್ಲ. ಗಿರಿಜೆದು."

ಯಾರೂ ನಗಲಿಲ್ಲ. ಮುಖ್ಯಸ್ಥೆ ಕನ್ನಡಕ ತೆಗೆದು, "ಹಾಗಾದ್ರೆ ಉಳಿದ ಎಂಟು ಜನರನ್ನ ನಂಬೋದು ಹೇಗೆ ಮಮತಾ? ಒಬ್ಬೊಬ್ಬರನ್ನೂ ವಿಚಾರಿಸಿ ಬಾ" ಅಂದರು. ನನ್ನ ಪಾಲಿನ ಬಿಸ್ಕತ್ತು ತಟ್ಟೆಯಲ್ಲೇ ಉಳಿಯಿತು.

ಬಸ್ಸಿನಲ್ಲಿ ಮಮತಾ ಪುಸ್ತಕ ತೆಗೆದು ಎಂಟು ಹೆಸರಿನ ಮುಂದೆಯೂ ಪ್ರಶ್ನೆಚಿಹ್ನೆ ಹಾಕಿದಳು. ನಾನೇ ಸಮಾಧಾನ ಹೇಳಿದೆ: "ಎಲ್ಲಾರೂ ಹೀಗೇ ಮಾಡಿರ್ತಾರೆ ಬಿಡು. ಈ ಹೆಂಗಸರು ನಂಗೆ ಗೊತ್ತಿಲ್ವಾ?"

ಮರುದಿನ ಮನೆಮನೆಗೂ ಹೋದೆವು. ವಿಚಾರಣೆ ನನ್ನದೇ, ತಿರುಗಿಸಿ ಮುರುಗಿಸಿ ಕೇಳಿದೆ. ಒಬ್ಬಳು ರಾತ್ರಿ ಮಲಗುವಾಗಲೂ ಬಿಚ್ಚಿರಲಿಲ್ಲ. ಇನ್ನೊಬ್ಬಳು ಐದು ದಿನ ಸ್ನಾನವನ್ನೇ ಮಾಡಿರಲಿಲ್ಲ, "ನೀರು ಬಿದ್ದು ಹುಡುಗಿ ಓದು ಹಾಳಾದ್ರೆ ಕಷ್ಟ ಅಲ್ವಾ?" ಎಂಟನೆಯ ಮನೆಯಿಂದ ಹೊರಬಂದು ಮಮತಾ ಪುಸ್ತಕ ತೆರೆದಳು.

"ಎಂಟೂ ಸರಿ ಇದೆ. ಕೆಲಸ ಉಳೀತು. ಒಂದು ಹೆಸರು ಹೊಡೆದುಹಾಕಿದ್ರೆ ಆಯ್ತು."

ಯಾರದ್ದು ಎಂದು ನಾನು ಕೇಳಲಿಲ್ಲ.