ನೀರಿನ ಕೆಳಗಿನ ಬಾಜು ಮನೆಗಳು

೧. ದಾರಿ

“ಸೀದಾ ಹೋಗ್ರಿ. ಹಣಮಪ್ಪನ ಗುಡಿ ಬರತೈತಿ, ಅಲ್ಲಿ ಎಡಕ್ಕ ಹೊಳ್ರಿ. ಗೌಡರ ಓಣಿ ಮುಗದಲ್ಲೆ ಪಂಚಾಯ್ತಿ.”

ಆಡು ಕಾಯುತ್ತಿದ್ದ ಅಜ್ಜಿ ಕೈ ಚಾಚಿದ ಕಡೆ ನೋಡಿದೆ. ಕಣ್ಣು ಹೋದಷ್ಟೂ ಆಣೆಕಟ್ಟಿನ ಹಿನ್ನೀರು. ಸ್ಥಳಾಂತರವಾದ ಊರಿನ ಪಂಚಾಯ್ತಿ ಹುಡುಕಿ ಹೊರಟವಳು ಗಲಗಲಿ ದಾಟಿ ಎಲ್ಲೋ ತಪ್ಪು ತಿರುವಿನಲ್ಲಿ ಹೊರಳಿದ್ದೆ. ದೇಶ ಸುತ್ತಿದವಳು ನಾನು, ಇಂಥ ಪ್ರಸಂಗಗಳು ನನಗೇ ಬಂದು ಗಂಟುಬೀಳುತ್ತವೆ.

“ಅಜ್ಜಿ, ಆ ಊರು ಮುಳುಗೇತಲ್ಲ?”

“ಗೊತ್ತೈತಿ. ನೀವು ದಾರಿ ಕೇಳಿದ್ರಿ, ನಾ ದಾರಿ ಹೇಳಿದೆ.”

೨. ಮೆಟ್ಟಿಲು

ಆ ಊರಿನವರೆಲ್ಲ ದಿಬ್ಬದ ಮೇಲಿನ ಪುನರ್ವಸತಿ ಕೇಂದ್ರದಲ್ಲಿದ್ದರು. ಜನ ಎಷ್ಟು ನೆಮ್ಮದಿಯಿಂದಿದ್ದಾರೆಂದು ಕೇಳಿ ಬರೆದು, ಊರಿನ ಮನೆಗಳನ್ನು ದಿಲ್ಲಿ ಕಚೇರಿಯ ನಕ್ಷೆಗೆ ತಾಳೆ ಹಾಕುವುದು ನನ್ನ ಕೆಲಸ. ತಾಳೆಯಾದರೆ ಮಾತ್ರ ಅಲ್ಲಿಗೊಬ್ಬ ನರ್ಸು. ಅಲ್ಲಿಯವರೆಗೆ ಹೆರಿಗೆ ಬ್ಯಾನಿ ಬಂದವರು ಟಂಟಂ ಗಾಡಿ ಹತ್ತಿ ಬೀಳಗಿಯ ಆಸ್ಪತ್ರೆಗೆ ಹೋಗಬೇಕು. “ನರ್ಸಮ್ಮನ್ನ ನಾ ಕೊಡಸ್ತೇನಿ” ಎಂದು ಹೆಂಗಸರ ಮುಂದೆ ಮಾತು ಕೊಟ್ಟುಬಿಟ್ಟೆ.

ಮೊದಲ ಪ್ರಶ್ನೆಯನ್ನು ನಿವೃತ್ತ ಮಾಸ್ತರರಿಗೆ ಕೇಳಿದೆ. “ಹತ್ತು ಮೆಟ್ಟಲ ಅದಾವ ಅಂತ ತಿಳೀರಿ. ತುದಿಗೆ ಇದ್ದವ್ರು ಭಾಳ ಸುಖದಾಗ ಇದ್ದಂಗ. ನೀವು ಎಷ್ಟನೇದರ ಮ್ಯಾಲ ಅದೀರಿ?”

ಮಾಸ್ತರರು ಹಳೆಯ ಊರಿನ ಕಡೆ ತಿರುಗಿ ಬಹಳ ಹೊತ್ತು ಲೆಕ್ಕ ಹಾಕಿದರು. “ನಮ್ಮ ಬಾವಿ ಮೆಟ್ಟಲ ಏನ್ರಿ? ತುದೀ ಮೆಟ್ಟಲದ ಮ್ಯಾಲ ನಿಂತ್ರೂ ತಲಿ ಮ್ಯಾಲ ನಾಕಾಳು ನೀರು ಇರತಾವರಿ.”

೩. ಬಾಜು ಮನಿ

ಎರಡನೆಯ ಪ್ರಶ್ನೆ: ಕಷ್ಟ ಬಂದರೆ ಯಾರನ್ನು ಕರೀತೀರಿ? ಎಲ್ಲರದೂ ಒಂದೇ ಉತ್ತರ: “ಬಾಜು ಮನಿಯವ್ರನ್ನ.” ಆದರೆ ಅವರು ಹೇಳಿದ ಹೆಸರಿನವರು ಮೂರು ಸಾಲು ಆಚೆ ಸಿಗುತ್ತಿದ್ದರು. ಇಲ್ಲಿ ನಿವೇಶನ ಹಂಚಿದ್ದು ಚೀಟಿ ಎತ್ತಿ.

“ಮತ್ತ ಇವರು?” ಒಬ್ಬಾಕೆಯ ಪಕ್ಕದ ಮನೆಯ ಬಾಗಿಲಲ್ಲಿ ನಿಂತವಳನ್ನು ತೋರಿಸಿದೆ.

“ಇವರು ಗ್ವಾಡಿ ಬಾಜುದವ್ರರಿ. ಬಾಜು ಮನಿಯವ್ರಲ್ಲ.”

ಮಧ್ಯಾಹ್ನ ಪಂಚಾಯ್ತಿಯಲ್ಲಿ ಕೂತು, ಅವರವರು ಹೇಳಿದ ಬಾಜು ಮನೆಗಳನ್ನು ಒಂದಕ್ಕೊಂದು ಹಚ್ಚಿ ನಕ್ಷೆ ಬರೆದೆ. ಗುಮಾಸ್ತರು ಬಗ್ಗಿ ನೋಡಿದವರು ಚಹಾದ ಕಪ್ಪು ಕೆಳಗಿಟ್ಟರು.

“ಅಕ್ಕಾರ, ಇದು ನಮ್ಮ ಹಳೀ ಊರು. ಓಣಿ ಸುದ್ದಾ ಹಂಗ ಅದಾವ. ನೀವು ಯಾವಾಗ ನೋಡಿದ್ರಿ?”

ನೋಡಿಯೇ ಇರಲಿಲ್ಲ. ನಕ್ಷೆಯ ಫೋಟೋ ತೆಗೆದು ದಿಲ್ಲಿಗೆ ಕಳಿಸಿದೆ.

ಅಲ್ಲಿಂದ ನಮ್ಮ ಕಚೇರಿಯ ಸಾಹೇಬರ ಫೋನು ಬಂತು, ಬಹಳ ಖುಷಿಯಲ್ಲಿದ್ದರು. “ನಿಮ್ಮ ನಕ್ಷೆ ನಮ್ಮಲ್ಲಿರುವ ನಕ್ಷೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿದೆ! ಒಂದೇ ಅನುಮಾನ. ಉಪಗ್ರಹದ ಚಿತ್ರದಲ್ಲಿ ಬರೀ ನೀರಿದೆ. ನೀವು ದೋಣಿಯಲ್ಲಿ ಹೋಗಿ ಕೇಳಿದಿರಾ?”

೪. ನರ್ಸಮ್ಮ

ತಾಳೆಯಾಗಿತ್ತಲ್ಲ, ನರ್ಸು ಮಂಜೂರಾದಳು. ಆದರೆ ಆರ್ಡರಿನಲ್ಲಿ ಇದ್ದದ್ದು ಮುಳುಗಿದ ಊರು. ಅವಳು ಟ್ರಂಕಿನ ಸಮೇತ ಹೊಳೆದಂಡೆಗೆ ಹೋಗಿ ನಿಂತು ನನಗೆ ಫೋನ್ ಮಾಡಿದಳು. “ಮೇಡಂ, ಡ್ಯೂಟಿಗೆ ಹಾಜರಾಗಾಕ ಈಜು ಬರಬೇಕೇನ್ರಿ?”

ಜೀಪಿನಲ್ಲಿ ಕರೆತಂದು ದಿಬ್ಬದ ಮೇಲೆ ಇಳಿಸುವಷ್ಟರಲ್ಲಿ ಒಬ್ಬ ಅತ್ತೆ ಓಡಿಬಂದಳು. “ಸೊಸಿಗೆ ಬ್ಯಾನಿ ಸುರು ಆಗ್ಯಾವರೀ!”

“ಮನಿ ಎಲ್ಲೈತಿ ಯವ್ವಾ?” ನರ್ಸು ಕೇಳಿದಳು.

“ಅಗಸಿ ಬಾಜುಕ್ಕ.”

ನರ್ಸು ಸುತ್ತಲೂ ನೋಡಿದಳು. ನೆಟ್ಟನೆ ರಸ್ತೆ, ಒಂದೇ ಅಚ್ಚಿನ ಮನೆಗಳು, ಊರಬಾಗಿಲಿನ ಸುಳಿವೇ ಇಲ್ಲ. “ಇಲ್ಲಿ ಅಗಸೀನ ಇಲ್ಲಲ್ಲ?”

“ಅಗಸಿ ನೀರಾಗೈತ್ರಿ, ಬಾಜು ಇಲ್ಲೇ ಐತಿ. ಲಗೂನ ಬರ್ರಿ!”

ನಾನು ನರ್ಸಿನ ಕೈಚೀಲ ಎತ್ತಿಕೊಂಡು ಅತ್ತೆಯ ಹಿಂದೆ ಓಡಿದೆ. ಹೊಸ್ತಿಲಿಗೆ ಬಂದು, ನರ್ಸಿನ ಬೆನ್ನ ಮೇಲೆ ಕೈಯಿಟ್ಟು ಒಳಗೆ ದೂಡಿ, “ತಗೋರಿ, ನಿಮ್ಮ ನರ್ಸಮ್ಮ” ಎಂದು ಕೊಟ್ಟ ಮಾತು ಉಳಿಸಿಕೊಂಡೆ.