ಎಳನೀರೂ ಊಟವೇ

"ಎಳನೀರು ಊಟ ಹೆಂಗಾಯ್ತದೆ ಮೇಷ್ಟ್ರೇ? ಅದು ಬರೀ ನೀರು."

"ನೀರೂ ಕುಡಿಯಂಗಿಲ್ಲ ಚಿಕ್ಕಗಂಗಮ್ನೋರೆ."

ರಂಜಾನ್ ತಿಂಗಳ ಒಂದು ಮಧ್ಯಾಹ್ನ ಚೇಳೂರಿನ ಶಿವರಾಮಯ್ಯನವರ ಜಗುಲಿಯಲ್ಲಿ ಕಾಫಿಯಿಂದ ಶುರುವಾದ ಈ ವಾದ ಬಾಳೆಹಣ್ಣು, ಮಜ್ಜಿಗೆ ದಾಟಿ ಎಳನೀರಿಗೆ ಬಂದು ನಿಂತಿತ್ತು. ಶಿವರಾಮಯ್ಯನವರ ಹಳೆಯ ಸ್ನೇಹಿತರಾದ ದಸ್ತಗೀರ್ ಮೇಷ್ಟ್ರು ಮಗಳ ಮದುವೆಗೆ ಕರೆಯಲು ಗುಬ್ಬಿಯಿಂದ ಬಂದಿದ್ದರು. ಮಧ್ಯಾಹ್ನದ ಬಸ್ಸು ಕೆಟ್ಟು ನಿಂತಿದ್ದರಿಂದ ಇನ್ನು ಕತ್ತಲಾಗುವವರೆಗೆ ಅವರಿಗೆ ಬಿಡುಗಡೆಯಿರಲಿಲ್ಲ.

ಶಿವರಾಮಯ್ಯನವರ ಹೆಂಡತಿ ಚಿಕ್ಕಗಂಗಮ್ಮನೂ ಉಪವಾಸದಲ್ಲಿ ಪಳಗಿದವರೇ. ಶನಿವಾರ ಮುದ್ದೆ, ಅನ್ನ ಮುಟ್ಟುತ್ತಿರಲಿಲ್ಲ. ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣು, ಒಂದು ಚೊಂಬು ಹಾಲಿನಲ್ಲಿ ಹೇಗೋ ದಿನ ದೂಡುತ್ತಿದ್ದರು. ಉಪವಾಸವೆಂದರೆ ಏನನ್ನೂ ತಿನ್ನದಿರುವುದು ಎಂಬ ಮಾತನ್ನು ಅವರು ನಂಬಲಿಲ್ಲ. ತಮ್ಮ ಮನೆಯಲ್ಲಿ ಏನನ್ನೂ ಬಾಯಿಗಿಡಲು ಮೇಷ್ಟ್ರಿಗೆ ಮನಸ್ಸಿಲ್ಲ ಎಂದುಕೊಂಡರು.

"ನಮ್ಮನೇಲಿ ನೀವು ತೊಟ್ಟು ನೀರು ಕುಡಿಯಲ್ಲ. ನಿಮ್ಮ ಮದ್ವೇಲಿ ನಾವ್ ಮಾತ್ರ ಊಟಕ್ಕೆ ಕೂರ್ಬೇಕಾ? ಬರಲ್ಲ, ಬುಡಿ."

ಮೇಷ್ಟ್ರ ಮುಖ ಸಣ್ಣದಾಯಿತು. ಶಿವರಾಮಯ್ಯ ರಾಜಿಗೆ ಬಂದರು.

"ಪ್ರಯಾಣದಲ್ಲಿರೋರಿಗೆ ವಿನಾಯ್ತಿ ಅದೆ ಅಂತ ನೀವೇ ಒಂದ್ಸಲ ಹೇಳಿದ್ರಲ್ಲ."

"ಅದೆ. ಆದ್ರೆ ಗುಬ್ಬಿಯಿಂದ ಚೇಳೂರಿಗೆ ಬಂದಿದ್ನ ಪ್ರಯಾಣ ಅಂದ್ರೆ ದೇವ್ರು ನಗ್ತಾನೆ."

ಚಿಕ್ಕಗಂಗಮ್ಮ ನಗಲಿಲ್ಲ. ಮೇಷ್ಟ್ರು ನಿಧಾನವಾಗಿ ಬಿಡಿಸಿ ಹೇಳಿದರು. ಬೆಳಕು ಹರಿಯುವ ಮುಂಚೆ ಉಂಡರೆ ಮತ್ತೆ ಹೊತ್ತು ಮುಳುಗುವವರೆಗೆ ಏನೂ ಇಲ್ಲ. ಕಾಯಿಲೆಯವರಿಗೆ, ಮಕ್ಕಳಿಗೆ ಕಡ್ಡಾಯವಿಲ್ಲ. ಇವತ್ತು ಹೊತ್ತು ಮುಳುಗಿದ ಕೂಡಲೇ ಇದೇ ಮನೆಯಲ್ಲಿ ಉಣ್ಣುತ್ತೇನೆ ಎಂದು ಮಾತು ಕೊಟ್ಟರು.

"ಹಂಗಾದ್ರೆ ನೀವು ತಿನ್ನೋಗಂಟ ಈ ಮನೇಲಿ ಯಾರೂ ತಿನ್ನಲ್ಲ."

"ನಾನ್ಯಾಕೆ?" ಎಂದರು ಶಿವರಾಮಯ್ಯ.

"ನೆಂಟ್ರನ್ನ ಉಪವಾಸ ಕೂರ್ಸಿ ಉಣ್ಣೋ ಮನೆ ಇದಲ್ಲ."

ತಮಗೋಸ್ಕರ ಹಸಿದಿರಬೇಡಿ ಎಂದು ಮೇಷ್ಟ್ರು ಬೇಡಿಕೊಂಡದ್ದು ವ್ಯರ್ಥವಾಯಿತು. ಒಳಗೆ ಅವರೆಕಾಳಿನ ಸಾರು ಘಮಘಮಿಸುತ್ತಿತ್ತು. ಶಿವರಾಮಯ್ಯ ಹಸುವನ್ನು ನೋಡಿ ಬಂದರು, ಅಟ್ಟ ಹತ್ತಿ ಕೊಬ್ಬರಿ ನೋಡಿ ಬಂದರು, ಆಮೇಲೆ ಸೂರ್ಯನನ್ನು ನೋಡುತ್ತ ಕುಳಿತರು. ಮಧ್ಯಾಹ್ನವೆಲ್ಲ ಸಡಗರದಿಂದ ಓಡಾಡಿದ್ದ ಚಿಕ್ಕಗಂಗಮ್ಮ ಬರಬರುತ್ತ ಮಾತು ಕಡಿಮೆ ಮಾಡಿ ಕಂಬಕ್ಕೆ ಒರಗಿದರು. ಉಗುಳು ನುಂಗಬಹುದೇ ಎಂದು ಮೆಲ್ಲಗೆ ಕೇಳಿದರು. ಮೇಷ್ಟ್ರು ನುಂಗಬಹುದು ಎಂದರು.

ಕೊನೆಗೂ ತೆಂಗಿನ ಗರಿಗಳ ಹಿಂದೆ ಹೊತ್ತು ಮುಳುಗಿತು. ಮೇಷ್ಟ್ರು ಚೀಲದಿಂದ ಖರ್ಜೂರ ತೆಗೆದು ಇಬ್ಬರಿಗೂ ಕೊಟ್ಟು, ದೇವರ ಹೆಸರು ಹೇಳಿ ತಾವೂ ಬಾಯಿಗಿಟ್ಟುಕೊಂಡರು. ಎಳನೀರು ಒಂದೇ ಗುಟುಕಿಗೆ ಖಾಲಿಯಾಯಿತು. ಬಿಸಿ ಮುದ್ದೆ, ಸಾರು ಬಂತು. ಮೇಷ್ಟ್ರು ಎರಡನೆಯ ಮುದ್ದೆಗೆ ಕೈಯಿಟ್ಟಾಗ ಚಿಕ್ಕಗಂಗಮ್ಮ, ಮದುವೆಗೆ ಹಿಂದಿನ ದಿನವೇ ಬರುವುದಾಗಿ ಹೇಳಿದರು.

"ಇವತ್ತಿನ ನಿಮ್ಮಿಬ್ರ ಉಪವಾಸಾನೂ ದೇವ್ರು ಲೆಕ್ಕಕ್ಕೆ ಹಿಡೀತಾನೆ," ಎಂದರು ಮೇಷ್ಟ್ರು.

"ನಂದು ಹಿಡೀಲಿ. ಇವ್ರದು ಬ್ಯಾಡ."

"ಯಾಕಮ್ಮ?"

"ಕೊಬ್ಬರಿ ನೋಡಾಕೆ ಅಂತ ಅಟ್ಟ ಹತ್ತಿದೋರು ಮೀಸೆಗೆ ಬೆಲ್ಲ ಮೆತ್ಕೊಂಡು ಇಳಿದವ್ರೆ."

ಶಿವರಾಮಯ್ಯ ಇನ್ನೊಂದು ಮುದ್ದೆಗೆ ತಟ್ಟೆ ಮುಂದೆ ಸರಿಸಿದರು.